ಆರೇ ತಿಂಗಳಲ್ಲಿ ಮಗುಚಿದ ಬಳ್ಳಾರಿ: ಲೋಕಸಭೆ ಮತ ತಿರುಗಿಸೋದು ಯಾವುದು?

ಕಾನಹೊಸಹಳ್ಳಿ: ಲೋಕಸಭೆ ಚುನಾವಣೆ ಮಾತು ಬಂದರೆ ಹೆದ್ದಾರಿ ಪಕ್ಕದ ಚಹಾ ಅಂಗಡಿಗಳಲ್ಲಿ ಕೇಳೋದು ಒಂದೇ: ‘ಎಮ್ಮೆಲ್ಲೆ ಯಾವ ಕಡೆನೋ ಊರು ಆ ಕಡೆ ಬಿಡ್ರಿ’. ಕೇಳೋಕೆ ಸರಿ ಅನ್ನಿಸುತ್ತೆ. ಆದರೆ ಬಳ್ಳಾರಿ ಕ್ಷೇತ್ರದ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಈ ಮಾತು ನಿಲ್ಲೋದಿಲ್ಲ.

2018ರ ನವೆಂಬರ್ ಉಪಚುನಾವಣೆಯಲ್ಲಿ ಕಾಂಗ್ರೆಸ್ಸಿನ ವಿ.ಎಸ್. ಉಗ್ರಪ್ಪ, ಬಿಜೆಪಿಯ ಜೆ. ಶಾಂತಾ ವಿರುದ್ಧ 2,43,161 ಮತಗಳಿಂದ ಗೆದ್ದರು. ಆರು ತಿಂಗಳು ತುಂಬೋದರೊಳಗೆ, 2019ರ ಏಪ್ರಿಲ್‌ನಲ್ಲಿ ಮತ್ತೆ ಮತದಾನ ಆಯ್ತು. ಅದೇ ಉಗ್ರಪ್ಪ, ಅದೇ ಮತದಾರರು. ಈ ಸಲ ಬಿಜೆಪಿಯ ವೈ. ದೇವೇಂದ್ರಪ್ಪ 55,707 ಮತಗಳಿಂದ ಗೆದ್ದರು. ಅಂತರದಲ್ಲಿ ಹತ್ತಿರ ಹತ್ತಿರ ಮೂರು ಲಕ್ಷದ ಏರುಪೇರು! 2009ರಲ್ಲಿ ಇದೇ ಕ್ಷೇತ್ರ ಬರೀ 2,243 ಮತಗಳಲ್ಲಿ, ಅಂದರೆ ಮತಗಟ್ಟೆಗೆ ಒಂದೆರಡು ಮತದಲ್ಲಿ ತೀರ್ಮಾನ ಆಗಿತ್ತು.

ಶಾಸಕರ ಲೆಕ್ಕಕ್ಕೆ ಬರೋಣ. ಹಡಗಲಿ, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ ಸೇರಿ ಈ ಲೋಕಸಭಾ ಕ್ಷೇತ್ರದಲ್ಲಿ ಎಂಟು ವಿಧಾನಸಭಾ ಕ್ಷೇತ್ರಗಳಿವೆ. 2018ರ ವಿಧಾನಸಭೆಯಲ್ಲಿ ಎಂಟರಲ್ಲಿ ಆರು ಕಾಂಗ್ರೆಸ್ ಗೆದ್ದಿತ್ತು. 2023ರಲ್ಲೂ ಆರೇ. 2019ರಲ್ಲಿ ಆರು ಶಾಸಕರಿದ್ದೂ ಕಾಂಗ್ರೆಸ್ ಸೋತಿತು, 2024ರಲ್ಲಿ ಅಷ್ಟೇ ಶಾಸಕರನ್ನು ಇಟ್ಟುಕೊಂಡು ಗೆದ್ದಿತು.

‘ಹೊರಗಿನವರು’ ಅನ್ನೋ ಮಾತೂ ಅಷ್ಟೇ. ಉಗ್ರಪ್ಪ ತುಮಕೂರು ಜಿಲ್ಲೆಯವರು ಅಂತ 2019ರಲ್ಲಿ ಸೋತರೆ, ಆರು ತಿಂಗಳ ಹಿಂದೆ ಗೆದ್ದಾಗ ಅವರೇನು ಕೂಡ್ಲಿಗಿಯವರಾಗಿದ್ದರಾ? 1999ರಲ್ಲಿ ಇಲ್ಲಿ ಎದುರುಬದುರಾದ ಸೋನಿಯಾ ಗಾಂಧಿ, ಸುಷ್ಮಾ ಸ್ವರಾಜ್ ಇಬ್ಬರೂ ಹೊರಗಿನವರೇ.

ಹಾಗಾದ್ರೆ ಬದಲಾಗಿದ್ದು ಏನು? ಉಪಚುನಾವಣೆಯಲ್ಲಿ ಯಾರು ಗೆದ್ದರೂ ದಿಲ್ಲಿಯಲ್ಲಿ ಏನೂ ಆಗುತ್ತಿರಲಿಲ್ಲ. ರಾಜ್ಯದಲ್ಲಿದ್ದ ಕಾಂಗ್ರೆಸ್–ಜೆಡಿಎಸ್ ಸರ್ಕಾರದ ಕೈ ಮೇಲಿತ್ತು. 2019ರಲ್ಲಿ ಪುಲ್ವಾಮಾ, ಬಾಲಾಕೋಟ್ ಆದ ಮೇಲೆ ಪ್ರಶ್ನೆಯೇ ಬೇರೆ ಆಯ್ತು: ಪ್ರಧಾನಿ ಯಾರು? ಅಭ್ಯರ್ಥಿ ಹೆಸರು ಎರಡನೇದಾಯ್ತು. ಕಲ್ಯಾಣ ಕರ್ನಾಟಕದ ಐದೂ ಲೋಕಸಭಾ ಕ್ಷೇತ್ರ ಬಿಜೆಪಿಗೆ ಹೋದವು.

2024ರಲ್ಲಿ ಆ ಐದಕ್ಕೆ ಐದೂ ಕಾಂಗ್ರೆಸ್‌ಗೆ ಬಂದವು. ಬಳ್ಳಾರಿಯಲ್ಲಿ ಇ. ತುಕಾರಾಂ, ಬಿ. ಶ್ರೀರಾಮುಲು ಅವರನ್ನು 98,992 ಮತಗಳಿಂದ ಸೋಲಿಸಿದರು. ಗ್ಯಾರಂಟಿಯಿಂದ ಗೆದ್ದರು ಅನ್ನೋದು ಅರ್ಧ ಸತ್ಯ. ಗ್ಯಾರಂಟಿ ಇಡೀ ರಾಜ್ಯಕ್ಕೇ ಸಿಕ್ಕಿತ್ತು, ಆದರೂ 28ರಲ್ಲಿ 19 ಬಿಜೆಪಿ–ಜೆಡಿಎಸ್ ಪಾಲಾದವು. ಇಲ್ಲಿ ಅದರ ತೂಕ ಬೇರೆ ಇತ್ತು. 2023ರಲ್ಲಿ ಮಳೆ ಕೈಕೊಟ್ಟಿತ್ತು. ಮೆಕ್ಕೆಜೋಳ, ಶೇಂಗಾ ನಂಬಿದ ಮನೆಗಳಲ್ಲಿ ಗೃಹಲಕ್ಷ್ಮಿಯ 2,000 ರೂಪಾಯಿಯೇ ತಿಂಗಳ ಆಸರೆ. ಆ ದುಡ್ಡು ಎಲ್ಲಿಗೆ ಬಂತು ಅನ್ನೋದು ಕಿರಾಣಿ ಅಂಗಡಿಯವರಿಗೆ ಚೆನ್ನಾಗಿ ಗೊತ್ತು, ಉದ್ರಿ ಪುಸ್ತಕದಲ್ಲೇ ಇದೆ. ಅತ್ತ ಬರ ಪರಿಹಾರಕ್ಕೆ ರಾಜ್ಯ 18,171 ಕೋಟಿ ಕೇಳಿ ಸುಪ್ರೀಂ ಕೋರ್ಟ್‌ಗೆ ಹೋಗಿತ್ತು. ಕೇಂದ್ರ 3,454 ಕೋಟಿ ಕೊಡಲು ಒಪ್ಪಿದ್ದು ಏಪ್ರಿಲ್ ಕೊನೆಗೆ. ಇಲ್ಲಿ ಮತದಾನ ಮೇ 7ಕ್ಕೆ.

ದುಡ್ಡಿನ ಮಾತು ಬಿಟ್ಟರೆ ಲೆಕ್ಕ ಪೂರ್ತಿ ಆಗೋದಿಲ್ಲ. ವಾಲ್ಮೀಕಿ ಅಭಿವೃದ್ಧಿ ನಿಗಮದ ಹಣದಲ್ಲಿ 20 ಕೋಟಿಗೂ ಹೆಚ್ಚು ಬಳ್ಳಾರಿ ಚುನಾವಣೆಗೆ ಬಳಕೆಯಾಗಿದೆ ಅಂತ ಇ.ಡಿ. ಆರೋಪಿಸಿದೆ. ಇದು ತನಿಖಾ ಸಂಸ್ಥೆಯ ಆರೋಪ, ಆಡಳಿತ ಪಕ್ಷದವರು ಅಲ್ಲಗಳೆದಿದ್ದಾರೆ. ಆದರೆ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ಕ್ಷೇತ್ರದಲ್ಲಿ, ಅದೇ ಸಮುದಾಯದ ನಿಗಮದ ಹಣದ ಬಗ್ಗೆ ಇಂಥ ಮಾತು ಬಂದಿರೋದು ಸಣ್ಣ ವಿಷಯ ಅಲ್ಲ.

ಹರಪನಹಳ್ಳಿಯವರ ಪಾಡು ಬೇರೆ. ಜಿಲ್ಲೆ ವಿಜಯನಗರ, ಲೋಕಸಭೆ ಮತ ದಾವಣಗೆರೆಗೆ. ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆಯ ದೇವೇಂದ್ರಪ್ಪ ಬಳ್ಳಾರಿ ಸಂಸದರಾದಾಗ, ಸ್ವಂತ ತಾಲ್ಲೂಕಿನವರಿಗೆ ಅವರಿಗೆ ಮತ ಹಾಕೋ ಅವಕಾಶವೇ ಇರಲಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಐದಕ್ಕೂ ಇರೋ ಕಷ್ಟ ಒಂದೇ, ನೀರು ಮತ್ತು ಗುಳೆ. ಆದರೆ ಆ ಕಷ್ಟದ ಮತ ಎರಡು ಪೆಟ್ಟಿಗೆಗೆ ಹಂಚಿಹೋಗುತ್ತೆ.

2019ರಲ್ಲಾಗಲಿ 2024ರಲ್ಲಾಗಲಿ ಫಲಿತಾಂಶ ತಿರುಗಿಸಿದ್ದು ಈ ಎರಡು ವಿಷಯ ಅಲ್ಲ. ಒಂದು ಸಲ ದಿಲ್ಲಿ, ಇನ್ನೊಂದು ಸಲ ಮನೆ ಖರ್ಚು. ತಾಂಡಾಗಳಿಂದ ಕಬ್ಬು ಕಡಿಯೋಕೆ, ಕಾಫಿ ತೋಟಕ್ಕೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋದವರನ್ನು ಗ್ರಾಮ ಪಂಚಾಯ್ತಿ ಚುನಾವಣೆಗೆ ಬಸ್ ಚಾರ್ಜು ಕೊಟ್ಟು ಕರೆಸುತ್ತಾರೆ. ಲೋಕಸಭೆಗೆ ಅವರನ್ನು ಅಷ್ಟು ಆಸ್ಥೆಯಿಂದ ಹುಡುಕಿ ಫೋನ್ ಮಾಡೋರು ಕಡಿಮೆ.