ಶುಲ್ಕ ಮಾಫಿ, ಮುಂಗಡ ಭಾರ

‘ವಿದೇಶದಲ್ಲಿ ಒಂದು ಸೆಮಿಸ್ಟರ್’ ಎಂಬ ಸಾಲು ಈಗ ಕಾಲೇಜುಗಳ ಪ್ರವೇಶ ಕೈಪಿಡಿಗಳಲ್ಲಿ ಎದ್ದು ಕಾಣುತ್ತದೆ. ಒಪ್ಪಂದವಿರುವ ವಿಶ್ವವಿದ್ಯಾಲಯಕ್ಕೆ ಹೋದರೆ ಅಲ್ಲಿ ಬೋಧನಾ ಶುಲ್ಕ ಮಾಫಿ, ಇಲ್ಲಿನ ಫೀಸು ಕಟ್ಟಿದ್ದರೆ ಸಾಕು ಎಂಬ ಭರವಸೆ ಅದರ ಜೊತೆಗಿರುತ್ತದೆ. ಭರವಸೆ ಸುಳ್ಳೇನಲ್ಲ. ಆದರೂ ಈ ಅವಕಾಶ ಹೆಚ್ಚಾಗಿ ಕೈಯಲ್ಲಿ ಕಾಸಿರುವ ಮನೆಯ ಮಕ್ಕಳ ಪಾಲಾಗುತ್ತದೆ. ಹೊರಡುವ ಮೊದಲೇ ಒಂದೇ ಗಂಟಾಗಿ ತೋರಿಸಬೇಕಾದ ದುಡ್ಡು ಉಳಿದವರನ್ನು ಬಾಗಿಲಲ್ಲೇ ತಡೆಯುತ್ತದೆ.

ಜರ್ಮನಿಯನ್ನೇ ನೋಡೋಣ. ಕರ್ನಾಟಕಕ್ಕೂ ಬವೇರಿಯಾ ರಾಜ್ಯಕ್ಕೂ 2007ರಿಂದ ಸಹಭಾಗಿತ್ವವಿದೆ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುಪಾಲು ಬೋಧನಾ ಶುಲ್ಕವೇ ಇಲ್ಲ. ಬಾಡನ್-ವುರ್ಟೆಂಬರ್ಗ್ ರಾಜ್ಯ 2017ರಲ್ಲಿ ಐರೋಪ್ಯ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರ್‌ಗೆ 1,500 ಯೂರೋ ವಿಧಿಸಿತು. ಆದರೆ ಒಪ್ಪಂದದ ಮೇಲೆ ಬರುವ ವಿನಿಮಯ ವಿದ್ಯಾರ್ಥಿಗಳಿಗೆ ಅದರ ಬಿಸಿ ತಟ್ಟುವುದಿಲ್ಲ. ಇಷ್ಟು ಓದಿದವರಿಗೆ ಜರ್ಮನಿ ಬಡವರ ಪಾಲಿನ ದೇಶ ಅನ್ನಿಸಿದರೆ ಆಶ್ಚರ್ಯವಿಲ್ಲ.

ತೊಡಕು ಶುರುವಾಗುವುದು ವೀಸಾ ಅರ್ಜಿಯ ಹೊತ್ತಿಗೆ. ಖರ್ಚಿಗೆ ಹಣವಿದೆ ಎಂದು ಸಾಬೀತುಪಡಿಸಲು ಹೆಚ್ಚಿನವರು ಹಿಡಿಯುವ ದಾರಿ ‘ಬ್ಲಾಕ್ಡ್ ಅಕೌಂಟ್’. 2024ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ದರದಂತೆ ತಿಂಗಳಿಗೆ 992 ಯೂರೋ, ವರ್ಷಕ್ಕೆ 11,904 ಯೂರೋ ಅದರಲ್ಲಿ ಕೂಡಿಡಬೇಕು. ಆರು ತಿಂಗಳಿಗೆ ಲೆಕ್ಕ ಹಾಕಿದರೆ 5,952 ಯೂರೋ. ಯೂರೋ ಒಂದಕ್ಕೆ ನೂರು ರೂಪಾಯಿ ಎಂದು ಹಿಡಿದರೂ ಹೆಚ್ಚುಕಡಿಮೆ 6 ಲಕ್ಷ!

ಈ 992ರ ಮೂಲ ಸ್ವಾರಸ್ಯಕರವಾಗಿದೆ. ಜರ್ಮನಿ ತನ್ನದೇ ಬಡ ವಿದ್ಯಾರ್ಥಿಗಳಿಗೆ ಕೊಡುವ ‘ಬಾಫೋಗ್’ ನೆರವಿನ ಗರಿಷ್ಠ ಮೊತ್ತ ಅದು. ಅಲ್ಲಿನ ವಿದ್ಯಾರ್ಥಿಗೆ ಅದರಲ್ಲಿ ಅರ್ಧ ಸಹಾಯಧನ, ಉಳಿದರ್ಧ ಬಡ್ಡಿಯಿಲ್ಲದ ಸಾಲ. ಒಬ್ಬನಿಗೆ ಸರ್ಕಾರ ತಿಂಗಳು ತಿಂಗಳು ಕೊಡುವ ದುಡ್ಡನ್ನೇ ರಾಯಚೂರಿನ ಹುಡುಗಿ ವಿಮಾನ ಹತ್ತುವ ಮೊದಲೇ ಇಡಿಯಾಗಿ ಕಟ್ಟಬೇಕು. ವಲಸೆ ಇಲಾಖೆಯ ದೃಷ್ಟಿಯಲ್ಲಿ ಇದು ನ್ಯಾಯವೇ ಇರಬಹುದು. ಅಪ್ಪನ ಅಡಿಕೆಯೋ ಹತ್ತಿಯೋ ಮಾರಾಟವಾಗುವ ತನಕ ಕಾಯಬೇಕಾದ ಮನೆಗೆ ಅದು ಮುಚ್ಚಿದ ಗೇಟು.

ಕಟ್ಟಿದ ದುಡ್ಡು ಎಲ್ಲಿಗೂ ಹೋಗುವುದಿಲ್ಲ, ಅಲ್ಲಿಗೆ ತಲುಪಿದ ಮೇಲೆ ತಿಂಗಳಿಗಿಷ್ಟರಂತೆ ಕೈಗೆ ಬರುತ್ತದೆ, ನಿಜ. ಆದರೆ ಮೊದಲ ಕಂತು ಇಳಿದ ದಿನವೇ ಸಿಗದು. ಸಾಮಾನ್ಯವಾಗಿ ಮನೆ ಸಿಗಬೇಕು, ನಗರಾಡಳಿತದಲ್ಲಿ ವಿಳಾಸ ನೋಂದಣಿಯಾಗಬೇಕು, ಅಲ್ಲಿನ ಬ್ಯಾಂಕ್ ಖಾತೆ ತೆರೆಯಬೇಕು. ಮನೆ ಸಿಗಲು ಡಿಪಾಸಿಟ್ ಕೊಡಬೇಕು. ಮೂರು ತಿಂಗಳ ಮೂಲ ಬಾಡಿಗೆಯಷ್ಟು ಕೇಳಲು ಅಲ್ಲಿನ ಕಾನೂನು ಮಾಲೀಕರಿಗೆ ಅವಕಾಶ ಕೊಟ್ಟಿದೆ. ಆ ಡಿಪಾಸಿಟ್ಟನ್ನು ಮೂರು ಕಂತುಗಳಲ್ಲಿ ಕಟ್ಟುವ ಹಕ್ಕನ್ನೂ ಅದೇ ಕಾನೂನು ಬಾಡಿಗೆದಾರನಿಗೆ ಕೊಟ್ಟಿದೆ. ಇಲ್ಲಿಂದ ಹೋದವರಲ್ಲಿ ಎಷ್ಟು ಮಂದಿಗೆ ಇದು ಗೊತ್ತು? ಬ್ಲಾಕ್ಡ್ ಅಕೌಂಟಿನ ಆಚೆಗೆ ಮೊದಲ ತಿಂಗಳಿಗೆಂದು ಬೇರೆಯೇ ಒಂದು ಮೊತ್ತ ಜೇಬಿನಲ್ಲಿಲ್ಲದೆ ಹೊರಟವರು ಗೆಳೆಯರ ಕೋಣೆಯ ನೆಲದ ಮೇಲೆ ಮಲಗಿ ಸೆಮಿಸ್ಟರ್ ಶುರು ಮಾಡಬೇಕಾಗುತ್ತದೆ.

ಅಲ್ಲಿ ನೆಲೆ ನಿಂತ ಮೇಲೆ ಹಿಡಿತದಲ್ಲಿ ಬದುಕುವುದು ಅಷ್ಟೇನೂ ಕಷ್ಟವಲ್ಲ, ಊರು ಸರಿಯಾಗಿ ಆರಿಸಿಕೊಂಡಿದ್ದರೆ. ಮ್ಯೂನಿಕ್‌ನಲ್ಲಿ ಹಂಚಿಕೊಂಡ ಮನೆಯ ಒಂದು ಕೋಣೆಗೇ 800 ಯೂರೋ ಆಸುಪಾಸು ಬಾಡಿಗೆ. ಸಣ್ಣ ಊರಿನ ವಿದ್ಯಾರ್ಥಿ ನಿಲಯದಲ್ಲಿ ಅದರ ಅರ್ಧಕ್ಕಿಂತ ಕಡಿಮೆಗೆ ಕೋಣೆ ಸಿಗುವುದುಂಟು. ವಿದ್ಯಾರ್ಥಿ ಆರೋಗ್ಯ ವಿಮೆಗೆ ತಿಂಗಳಿಗೆ 140 ಯೂರೋ ಮೀರುತ್ತದೆ, ತಪ್ಪಿಸಿಕೊಳ್ಳುವಂತಿಲ್ಲ. ಇನ್ನೊಂದು ವಿಚಿತ್ರ ಬಾಬತ್ತಿದೆ: ಟಿವಿ, ರೇಡಿಯೊ ಯಾವುದೂ ಇಲ್ಲದಿದ್ದರೂ ಮನೆಯೊಂದಕ್ಕೆ ತಿಂಗಳಿಗೆ 18.36 ಯೂರೋ ಪ್ರಸಾರ ಶುಲ್ಕ. ನಾಲ್ವರು ಸೇರಿ ಒಂದು ಮನೆ ಹಿಡಿದರೆ ಅದು ನಾಲ್ಕು ಪಾಲಾಗುತ್ತದೆ. ಹಾಸ್ಟೆಲಿನಲ್ಲಿ ಸಾರ್ವಜನಿಕ ಕಾರಿಡಾರಿಗೆ ಬಾಗಿಲು ತೆರೆಯುವ ಒಂಟಿ ಕೋಣೆಯಾದರೆ ಪೂರ್ತಿ ಒಬ್ಬನ ತಲೆಗೇ. ಊಟಕ್ಕೆ ವಿಶ್ವವಿದ್ಯಾಲಯದ ‘ಮೆನ್ಜಾ’ ಕ್ಯಾಂಟೀನು, ರಾತ್ರಿಗೆ ಕುಕ್ಕರ್, ಮನೆಯಿಂದ ಒಯ್ದ ಸಾರಿನ ಪುಡಿ.

ಪಾರ್ಟ್‌ಟೈಮ್ ಕೆಲಸ ಮಾಡಿ ಖರ್ಚು ತೂಗಿಸುತ್ತೇನೆ ಅನ್ನುವವರು ಒಂದು ಸೆಮಿಸ್ಟರ್‌ನ ಅಳತೆಯನ್ನು ಮರೆಯುತ್ತಾರೆ. ವರ್ಷಕ್ಕೆ 140 ಪೂರ್ಣ ದಿನ ದುಡಿಯಲು ಅನುಮತಿಯಿದೆ. 2026ರ ಜನವರಿಯಿಂದ ಕನಿಷ್ಠ ವೇತನ ಗಂಟೆಗೆ 13.90 ಯೂರೋ. ಆದರೆ ಭಾಷೆ ಬಾರದವನಿಗೆ ಕೆಲಸ ಹುಡುಕುವಷ್ಟರಲ್ಲಿ ಅರ್ಧ ಅವಧಿ ಕಳೆದಿರುತ್ತದೆ. ಎರಡು ವರ್ಷದ ಎಂ.ಎಸ್.ಗೆ ಹೋದವರ ಲೆಕ್ಕಾಚಾರ ಇಲ್ಲಿ ನಡೆಯದು.

ಶುಲ್ಕ ಮಾಫಿಯೊಂದೇ ಸಾಲದು ಎಂಬ ಪಾಠ ಯುರೋಪಿನವರಿಗೂ ತಡವಾಗಿಯೇ ಹತ್ತಿತು. 1987ರಲ್ಲಿ 11 ದೇಶಗಳ 3,244 ವಿದ್ಯಾರ್ಥಿಗಳೊಂದಿಗೆ ಶುರುವಾದ ‘ಎರಾಸ್ಮಸ್’ ವಿದ್ಯಾರ್ಥಿ ವಿನಿಮಯ ಯೋಜನೆ ಉಳ್ಳವರ ಮಕ್ಕಳ ಪ್ರವಾಸ ಎಂಬ ಟೀಕೆಯನ್ನು ವರ್ಷಗಟ್ಟಲೆ ಕೇಳಿತು. 2021ರಲ್ಲಿ ಆರಂಭವಾದ ಈಗಿನ ಆವೃತ್ತಿಯಲ್ಲಿ ಹಿಂದುಳಿದ ಹಿನ್ನೆಲೆಯವರಿಗೆ ತಿಂಗಳಿಗೆ 250 ಯೂರೋ ಹೆಚ್ಚುವರಿ ಸೇರಿಸಲಾಯಿತು. ಅದೇ ಯೋಜನೆ ಯುರೋಪಿನ ಹೊರಗಿನಿಂದ ಬರುವವರಿಗೂ ಮಾಸಿಕ 800ರಿಂದ 900 ಯೂರೋ ಕೊಡುತ್ತದೆ. ಮುಖ್ಯ ಷರತ್ತು: ನಮ್ಮ ಕಾಲೇಜಿಗೂ ಅಲ್ಲಿನ ವಿಶ್ವವಿದ್ಯಾಲಯಕ್ಕೂ ಆ ಯೋಜನೆಯಡಿ ಒಪ್ಪಂದ ಆಗಿರಬೇಕು. ಹಣ ಇಲ್ಲವೆಂಬುದಕ್ಕಿಂತ, ಒಪ್ಪಂದದ ಕಾಗದಕ್ಕೆ ಓಡಾಡುವವರು ಇಲ್ಲವೆಂಬುದೇ ಇಲ್ಲಿ ದೊಡ್ಡ ಕೊರತೆ.

ನಮ್ಮ ಸರ್ಕಾರಗಳ ಕಣ್ಣು ಪೂರ್ಣಾವಧಿ ಪದವಿಯ ಮೇಲಿದೆ. ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಸ್ನಾತಕೋತ್ತರ ಮತ್ತು ಪಿಎಚ್.ಡಿ.ಗೆ ಮೀಸಲು. ವಿದೇಶದ ಪೂರ್ಣ ಪದವಿಗೆ ಹತ್ತಾರು ಲಕ್ಷ ಬೇಕು, ಒಂದು ಸೆಮಿಸ್ಟರ್‌ಗೆ 6 ಲಕ್ಷ. 1 ಕೋಟಿ ರೂಪಾಯಿಯ ಒಂದು ನಿಧಿ ಇಟ್ಟು, ಬ್ಲಾಕ್ಡ್ ಅಕೌಂಟಿಗಾಗಿ ಬಡ್ಡಿಯಿಲ್ಲದ ಸಾಲ ಕೊಟ್ಟರೆ ಒಂದು ಸಲಕ್ಕೆ 16 ಮಂದಿ ಹೊರಡಬಹುದು. ಕೆಲಸಕ್ಕೆ ಸೇರಿದ ಮೇಲೆ ಅವರು ತೀರಿಸಿದ ದುಡ್ಡು ಮುಂದಿನವರಿಗೆ. ವಿಶ್ವವಿದ್ಯಾಲಯವೊಂದು ಘಟಿಕೋತ್ಸವದ ಶಾಮಿಯಾನಕ್ಕೆ ಸುರಿಯುವ ದುಡ್ಡನ್ನು ನೆನೆದರೆ ಇದು ಅಸಾಧ್ಯವೆನ್ನಲು ನಾಲಿಗೆ ಬಾರದು.

ಕ್ಯಾಲೆಂಡರಿನ ತಕರಾರನ್ನಂತೂ ಕಾಸಿಲ್ಲದೆಯೇ ಬಗೆಹರಿಸಬಹುದು. ಜರ್ಮನಿಯ ಚಳಿಗಾಲದ ತರಗತಿಗಳು ಅಕ್ಟೋಬರ್‌ನಲ್ಲಿ ಶುರುವಾಗಿ ಫೆಬ್ರುವರಿವರೆಗೆ ನಡೆಯುತ್ತವೆ. ವಿದ್ಯಾರ್ಥಿ ಮರಳುವ ಹೊತ್ತಿಗೆ ಇಲ್ಲಿ ಮುಂದಿನ ಸೆಮಿಸ್ಟರ್ ಶುರುವಾಗಿಬಿಟ್ಟಿರಬಹುದು. ಅಲ್ಲಿ ಗಳಿಸಿದ ಕ್ರೆಡಿಟ್ಟಿಗೆ ಇಲ್ಲಿ ಮಾನ್ಯತೆ ಸಿಗದೆ ಒಂದು ವರ್ಷ ಹಿಂದೆ ಬಿದ್ದರೆ, ಬಡ ವಿದ್ಯಾರ್ಥಿಗೆ ಆ ವರ್ಷದ ಸಂಬಳವೂ ಹೋದಂತೆ. ಹೋಗುವ ಮೊದಲೇ ವಿಷಯವಾರು ಲಿಖಿತ ಒಪ್ಪಿಗೆ ಕೊಡುವುದು ವಿಭಾಗದ ಮುಖ್ಯಸ್ಥರ ಹೊಣೆಯಾಗಬೇಕು.

ವಿನಿಮಯಕ್ಕೆ ಹೆಸರು ಕಳಿಸುವುದು ಕಾಲೇಜೇ ಆದ್ದರಿಂದ ಏಜೆಂಟರಿಗೆ ಬಿಡಿಗಾಸೂ ಕೊಡಬೇಕಿಲ್ಲ. ಅಕ್ಟೋಬರ್‌ನ ಸೆಮಿಸ್ಟರ್‌ಗೆ ಅನೇಕ ಕಡೆ ಗಡುವು ಏಪ್ರಿಲ್, ಮೇ ಹೊತ್ತಿಗೆ ಮುಗಿಯುತ್ತದೆ. ಆಸಕ್ತಿಯಿರುವವರು ಡಿಸೆಂಬರ್‌ನಲ್ಲೇ ಕಾಲೇಜಿನ ವಿದೇಶ ಸಂಪರ್ಕ ಕಚೇರಿಗೆ ಹೋಗಿ, ಒಪ್ಪಂದಗಳ ಪಟ್ಟಿಯನ್ನು ಲಿಖಿತವಾಗಿ ಕೇಳಿ ಪಡೆಯಲಿ.