ಬಿಗಿತ: ಮಾತು ಒಂದು, ವ್ಯಾಧಿ ಹಲವು

ಚಿಕಿತ್ಸೆಗೆಂದು ಬರುವವರ ಬಾಯಲ್ಲಿ ನಾವು ನಿತ್ಯವೂ ಕೇಳುವ ಮಾತು ‘ಹಿಡಿದುಕೊಂಡಿದೆ’ ಎಂಬುದು. ಕೆಲವರಿಗೆ ಕುತ್ತಿಗೆ ಹಿಡಿದಿರುತ್ತದೆ, ಕೆಲವರಿಗೆ ಸೊಂಟ. ಮತ್ತೆ ಕೆಲವರಿಗೆ ಮುಂಜಾನೆ ಬೆರಳುಗಳನ್ನು ಮಡಚಲಾಗುವುದಿಲ್ಲ. ಇವೆಲ್ಲಕ್ಕೂ ‘ಬಿಗಿತ’ವೆಂಬ ಒಂದೇ ಹೆಸರು, ಎಣ್ಣೆ ತಿಕ್ಕಿ ಬಿಸಿನೀರೆರೆಯುವ ಒಂದೇ ಉಪಚಾರ. ಹೆಸರು ಒಂದಾದ ಮಾತ್ರಕ್ಕೆ ವ್ಯಾಧಿಯೂ ಒಂದೇ ಎಂದು ಭಾವಿಸುವುದು ಅಪಾಯಕರವೆಂಬುದು ನಮ್ಮ ಅಭಿಪ್ರಾಯ.

ಶಾಸ್ತ್ರದಲ್ಲಿ ಇದಕ್ಕೆ ಸ್ತಂಭ, ಗ್ರಹ ಎಂಬ ಪದಗಳುಂಟು. ಗ್ರಹವೆಂದರೆ ಹಿಡಿತ, ನಮ್ಮ ಆಡುಮಾತಿಗೆ ತೀರ ಹತ್ತಿರದ ಪದ. ಸ್ತಂಭವೆಂದರೆ ಕಂಬ, ಕಂಬದಂತೆ ಅಲುಗದೆ ನಿಲ್ಲುವ ಸ್ಥಿತಿಯೂ ಹೌದು. ಚರಕ ಸಂಹಿತೆಯು ಎಣಿಸಿರುವ 80 ವಾತವಿಕಾರಗಳಲ್ಲಿ ಕುತ್ತಿಗೆಯ ಮನ್ಯಾಸ್ತಂಭ, ತೊಡೆಯ ಊರುಸ್ತಂಭಗಳು ಸೇರಿವೆ. ಅದೇ ಗ್ರಂಥದಲ್ಲಿ ‘ಸ್ತಂಭನ’ವು ಆರು ಉಪಕ್ರಮಗಳಲ್ಲೊಂದು: ರಕ್ತಸ್ರಾವ, ಅತಿಸಾರಗಳನ್ನು ತಡೆದು ನಿಲ್ಲಿಸುವ ಚಿಕಿತ್ಸೆ. ಹೀಗೆ ಒಂದೇ ಧಾತುವಿನಿಂದ ರೋಗದ ಹೆಸರೂ ಮದ್ದಿನ ಹೆಸರೂ ಹುಟ್ಟಿವೆ. ಪದವನ್ನು ಸಂದರ್ಭದಲ್ಲಿಟ್ಟು ಅರಿಯಬೇಕಾದುದು ಇದರಿಂದಲೇ ಸ್ಪಷ್ಟ.

ಮುಪ್ಪಿನಲ್ಲಿ, ಚಳಿಗಾಲದಲ್ಲಿ, ರೂಕ್ಷತೆಯಿಂದ ವಾತವು ಕೆರಳಿ ಬರುವ ಬಿಗಿತಕ್ಕೆ ಅಭ್ಯಂಗವೂ ಶಾಖವೂ ಹಿತಕರ. ಆದರೆ ಮಾಧವನಿದಾನವು ವರ್ಣಿಸುವ ಆಮವಾತದಲ್ಲಿ, ಜೀರ್ಣವಾಗದ ಆಮವು ಸಂಧಿಗಳಲ್ಲಿ ಸೇರಿ ಊತ, ನೋವು, ಬಿಗಿತಗಳನ್ನು ತರುತ್ತದೆ. ಅಲ್ಲಿ ಮೊದಲು ಬೇಕಾದುದು ಲಂಘನ ಮತ್ತು ಬಿಸಿಮರಳಿನ ಒಣಶಾಖ. ಎಣ್ಣೆ ತಿಕ್ಕಿದರೆ ಬಾಧೆ ಹೆಚ್ಚುತ್ತದೆ. ಊರುಸ್ತಂಭದಲ್ಲಂತೂ ಚರಕರು ಸ್ನೇಹವನ್ನೂ ಪಂಚಕರ್ಮವನ್ನೂ ನಿಷೇಧಿಸಿದ್ದಾರೆ.

ಇವನ್ನು ಬೇರ್ಪಡಿಸಿ ಅರಿಯಲು ಗಡಿಯಾರವೂ ನೆರವಾಗುತ್ತದೆ. ಮುಂಜಾನೆಯ ಬಿಗಿತವು ಅರ್ಧ ಗಂಟೆಯೊಳಗೆ ಸಡಿಲಿದರೆ ಅದು ಸಾಮಾನ್ಯವಾಗಿ ಕೀಲುಸವೆತದ ಲಕ್ಷಣ. ಗಂಟೆ ಕಳೆದರೂ ಬಿಡದೆ, ಎರಡೂ ಕೈಗಳ ಬೆರಳುಗಂಟುಗಳು ಊದಿದ್ದರೆ ರುಮಟಾಯ್ಡ್ ಸಂಧಿವಾತವಿರಬಹುದು. ತಡವಾದಷ್ಟೂ ಕೀಲುಗಳು ವಿಕಾರಗೊಳ್ಳುವುದರಿಂದ ರಕ್ತಪರೀಕ್ಷೆಗೆ ಹಿಂಜರಿಯಬಾರದು. ಮಧುಮೇಹಿಗಳಲ್ಲಿ ತೋಳು ಮೇಲೆತ್ತಲಾಗದಂತೆ ಭುಜ ಬಿಗಿಯುವುದೂ ಉಂಟು.

ಕೆಲವು ಬಿಗಿತಗಳಿಗೆ ಮನೆಮದ್ದು ಸಲ್ಲದು. ನಮ್ಮಲ್ಲಿಗೂ ಬರುವುದು ಬೇಡ, ನೇರವಾಗಿ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಜ್ವರ, ತೀವ್ರ ತಲೆನೋವುಗಳೊಡನೆ ಕುತ್ತಿಗೆ ಸೆಟೆದು ಗದ್ದ ಎದೆಗೆ ಬಾಗದಿದ್ದರೆ ಮಿದುಳಿನ ಪೊರೆಯ ಉರಿಯೂತವಿರಬಹುದು. ಗಾಯವಾದ ಕೆಲವು ದಿನಗಳಲ್ಲಿ ದವಡೆ ಬಿಗಿದು ಬಾಯಿ ತೆರೆಯಲಾಗದಿದ್ದರೆ ಧನುರ್ವಾಯುವಿನ ಶಂಕೆಯುಂಟು. ಎದೆ ಬಿಗಿದು ಬೆವರಿದರೆ ಅದನ್ನು ವಾಯುವೆಂದು ಭ್ರಮಿಸಿ ಕಾಲ ಕಳೆಯಬಾರದು. ಇಂಥಲ್ಲಿ ಪದ್ಧತಿಯ ಅಭಿಮಾನಕ್ಕಿಂತ ಪ್ರಾಣ ದೊಡ್ಡದು.

ಆದ್ದರಿಂದ ಸದ್ಭಕ್ತರಲ್ಲಿ ನಮ್ಮ ವಿನಂತಿಯಿಷ್ಟೆ. ವೈದ್ಯರ ಮುಂದೆ ‘ಹಿಡಿದಿದೆ’ ಎಂದು ಹೇಳಿ ಸುಮ್ಮನಾಗಬೇಡಿರಿ. ಎಲ್ಲಿ, ಯಾವ ಹೊತ್ತಿನಲ್ಲಿ, ಎಷ್ಟು ಸಮಯ, ಜೊತೆಗೆ ಊತವೋ ಜ್ವರವೋ ಎಂಬುದನ್ನು ತಿಳಿಸಿರಿ. ಸ್ಪರ್ಶಜ್ಞಾನವಿಲ್ಲದೆ ಮರಗಟ್ಟುವುದು ಬೇರೆ, ಬಿಗಿಯುವುದು ಬೇರೆ. ಅದನ್ನೂ ಬಿಡಿಸಿ ಹೇಳಿರಿ. ಮನೆಯ ಹಿರಿಯರು ಸಂಕೋಚದಿಂದ ‘ವಯಸ್ಸಾಯಿತು, ಬಿಡು’ ಎಂದರೆ ಕಿರಿಯರು ಅಷ್ಟಕ್ಕೇ ಬಿಡದೆ ಕೇಳಿ ತಿಳಿಯಬೇಕು. ರೋಗಿಯ ಮಾತು ಸ್ಪಷ್ಟವಾದರೆ ಅರ್ಧ ನಿದಾನ ಅಲ್ಲಿಯೇ ಮುಗಿಯುತ್ತದೆ.