ಬಾಡಿಗೆ ಮನೆಯೂ ತೋಟದ ಸಾಲವೂ

ಕಾಫಿಗೋ ಅಡಿಕೆಗೋ ಒಳ್ಳೆಯ ಧಾರಣೆ ಬಂದ ವರ್ಷಗಳಲ್ಲಿ ನಮ್ಮ ಸದಸ್ಯರಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: "ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಒಂದು ಮನೆ ಕೊಂಡು ಬಾಡಿಗೆಗೆ ಬಿಟ್ಟರೆ ಹೇಗೆ?" 2024ರಲ್ಲಿ ರೋಬಸ್ಟಾ ಧಾರಣೆ ಹಿಂದೆಂದೂ ಕಾಣದ ಮಟ್ಟಕ್ಕೇರಿದ ಮೇಲಂತೂ ಈ ವಿಚಾರ ಹಲವರ ಮನಸ್ಸಿನಲ್ಲಿದೆ. ಆಸೆ ತಪ್ಪಲ್ಲ. ಆದರೆ ಬೆಳೆಗಾರನು ಇದರ ಲೆಕ್ಕವನ್ನು ಪೇಟೆಯ ವ್ಯಾಪಾರಿಯಂತೆ ಹಾಕದೆ ಬೆಳೆಗಾರನಾಗಿಯೇ ಹಾಕಬೇಕೆಂಬುದು ನಮ್ಮ ಅಭಿಪ್ರಾಯ.

ಧಾರಣೆಯ ಏರಿಳಿತ ನಮಗೆ ಹೊಸದಲ್ಲ. 1970ರ ಸುಮಾರಿಗೆ ಅಡಿಕೆ ಧಾರಣೆ ಕುಸಿದ ಸಂಕಟದ ಫಲವಾಗಿಯೇ 1973ರಲ್ಲಿ ಕ್ಯಾಂಪ್ಕೊ ಹುಟ್ಟಿತು. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ವ್ಯವಸ್ಥೆ ನಿಂತುಹೋದಾಗಲೂ, ಮತ್ತೆ 2001ರ ಆಸುಪಾಸಿನಲ್ಲೂ ಕಾಫಿ ಬೆಳೆಗಾರರು ಪಟ್ಟ ಪಾಡನ್ನು ಹಿರಿಯರು ಬಲ್ಲರು. ಅಂಥ ವರ್ಷಗಳಲ್ಲಿ ಮನೆವಾರ್ತೆಗೂ ಕೂಲಿಗೂ ಕೈಗೆ ಬರುವ ಬೇರೆ ವರಮಾನವಿರಲಿ ಎಂಬುದೇ ಬಾಡಿಗೆ ಮನೆಯ ನಿಜವಾದ ಉಪಯೋಗ. ಹೆಚ್ಚು ಲಾಭ ಬರುತ್ತದೆಂಬುದಲ್ಲ.

ಲಾಭ ಎಷ್ಟೆಂಬುದನ್ನು ಉದಾಹರಣೆಯಿಂದ ನೋಡೋಣ. ಎಂಬತ್ತು ಲಕ್ಷ ರೂಪಾಯಿಯ ಮನೆಗೆ ತಿಂಗಳಿಗೆ ಇಪ್ಪತ್ತು ಸಾವಿರ ಬಾಡಿಗೆ ಎಂದಿಟ್ಟುಕೊಳ್ಳಿ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 2 ಆಗಿದೆ, ಮುದ್ರಾಂಕ ಶುಲ್ಕ, ಸೆಸ್ ಎಲ್ಲ ಸೇರಿದರೆ ಶೇ. 7ನ್ನು ಮೀರುತ್ತದೆ. ಅಂದರೆ ನಮ್ಮ ಗಂಟು ಸುಮಾರು ಎಂಬತ್ತಾರು ಲಕ್ಷ. ವರ್ಷದಲ್ಲಿ ಒಂದು ತಿಂಗಳು ಮನೆ ಖಾಲಿ ಬಿದ್ದರೆ ಬರುವ ಬಾಡಿಗೆ 2 ಲಕ್ಷ 20 ಸಾವಿರ. ಕಂದಾಯ, ಸುಣ್ಣಬಣ್ಣ, ದುರಸ್ತಿ, ದಲ್ಲಾಳಿಗೆಂದು ಮೂವತ್ತು ಸಾವಿರ ಕಳೆದರೆ ಉಳಿಯುವುದು 1 ಲಕ್ಷ 90 ಸಾವಿರ. ಹಾಕಿದ ಹಣಕ್ಕೆ ಇದು ಶೇ. 2ಕ್ಕಿಂತ ತುಸು ಹೆಚ್ಚು, ಅಷ್ಟೆ.

"ಮನೆಯ ಬೆಲೆ ಏರುತ್ತದಲ್ಲ?" ಎಂದು ಕೇಳಬಹುದು. ಏರಬಹುದು. ಆದರೆ ಏರಿದ ಬೆಲೆ ಮಾರುವ ದಿನದವರೆಗೆ ಕೈಗೆ ಸಿಗದು. ಬೆಳೆ ಕೈಕೊಟ್ಟ ವರ್ಷ ಒಂದು ಕೋಣೆಯನ್ನಷ್ಟೇ ಮಾರಿ ಕೊಯ್ಲಿನ ಕೂಲಿ ಕೊಡಲು ಸಾಧ್ಯವೇ? ಅವಸರಕ್ಕೆ ಮಾರಿದರೆ ಕೊಳ್ಳುವವನು ಹೇಳಿದ್ದೇ ಬೆಲೆ.

ತೋಟವನ್ನು ಅಡವಿಟ್ಟು ಮನೆ ಕೊಳ್ಳುವುದಂತೂ ಸರ್ವಥಾ ಸಲ್ಲದು. ಮೇಲಿನ ಮನೆಗೆ ನಲವತ್ತು ಲಕ್ಷ ಸಾಲ ತಂದು ಶೇ. 8ರ ಬಡ್ಡಿ ಎಂದರೆ ಮೊದಲ ವರ್ಷ ಬಡ್ಡಿಯೇ ಸುಮಾರು 3 ಲಕ್ಷ 20 ಸಾವಿರ. ಬಾಡಿಗೆ ಅದಕ್ಕೆ ಸಾಲದು. ಕೊರತೆಯನ್ನೂ ಅಸಲಿನ ಕಂತನ್ನೂ ತೋಟವೇ ತುಂಬಬೇಕು. ತೋಟಕ್ಕೆ ಆಸರೆಯಾಗಲೆಂದು ಕೊಂಡ ಮನೆಯನ್ನು ತೋಟವೇ ಹೊರಬೇಕಾಗುತ್ತದೆ. ಧಾರಣೆ ಬಿದ್ದ ವರ್ಷ ಎರಡೂ ಕೈಬಿಡುವ ಭಯವಿದೆ.

ಇನ್ನೊಂದು ಮಾತು. ಕಣ್ಣೆದುರಿಗಿರಲಿ ಎಂದು ತಮ್ಮ ತಾಲ್ಲೂಕಿನ ಪೇಟೆಯಲ್ಲೇ ಮಳಿಗೆ ಕಟ್ಟಿಸುವವರಿದ್ದಾರೆ. ನೋಡಿಕೊಳ್ಳುವುದು ಸುಲಭ, ನಿಜ. ಆದರೆ ಆ ಮಳಿಗೆಯ ಗೊಬ್ಬರದಂಗಡಿ, ಬಟ್ಟೆಯಂಗಡಿಗಳೆಲ್ಲ ನಡೆಯುವುದು ಯಾರ ಹಣದಿಂದ? ನಮ್ಮ ಕಾಫಿ, ಅಡಿಕೆ, ಮೆಣಸಿನ ಹಣದಿಂದ. ಧಾರಣೆ ಇಳಿದರೆ, ಕೊಳೆರೋಗವೋ ಎಲೆಚುಕ್ಕಿ ರೋಗವೋ ಬಂದರೆ, ನಮ್ಮ ಜೊತೆಗೆ ಬಾಡಿಗೆದಾರನೂ ಕಷ್ಟಕ್ಕೆ ಬೀಳುತ್ತಾನೆ. ದೂರದ ನಗರದ ಮನೆಗೂ ಅಪಾಯವಿದೆ. 2020ರಲ್ಲಿ ಕೊರೋನಾ ಬಂದಾಗ ನೌಕರರು ಊರಿಗೆ ಮರಳಿ ಬೆಂಗಳೂರಿನಲ್ಲಿ ಎಷ್ಟೋ ಬಾಡಿಗೆ ಮನೆಗಳು ಖಾಲಿ ಬಿದ್ದವು. ಆದರೆ ಅದೇ ವೇಳೆ ಅಡಿಕೆ ಧಾರಣೆ ಏರುತ್ತಿತ್ತು. ಒಂದು ಬಿದ್ದಾಗ ಇನ್ನೊಂದು ನಿಲ್ಲುವಂತಿರುವುದೇ ಮುಖ್ಯ.

ತೆರಿಗೆಯನ್ನೂ ಮರೆಯಬಾರದು. ಅಡಿಕೆಯ ವರಮಾನಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ, ಬಾಡಿಗೆಗೆ ಉಂಟು. ಕಟ್ಟಿದ ಕಂದಾಯ ಕಳೆದು ಉಳಿದುದರಲ್ಲಿ ಶೇ. 30 ವಿನಾಯಿತಿ ಸಿಗುತ್ತದೆ. ಆದರೆ ಬಾಡಿಗೆ ಮುಂತಾದ ವರಮಾನ ವಿನಾಯಿತಿಯ ಮಿತಿ ದಾಟಿದರೆ, ತೆರಿಗೆಯ ದರ ಗೊತ್ತುಮಾಡುವಾಗ ಕೃಷಿ ವರಮಾನವನ್ನೂ ಸೇರಿಸಿ ನೋಡುತ್ತಾರೆ.

ಆದುದರಿಂದ ಮೊದಲು ತೋಟದ ಸಾಲ ತೀರಲಿ. ಒಂದು ವರ್ಷದ ಕೂಲಿ, ಗೊಬ್ಬರ, ಔಷಧಿಯ ಖರ್ಚು ಸಂಘದಲ್ಲೋ ಬ್ಯಾಂಕಿನಲ್ಲೋ ಠೇವಣಿಯಾಗಿರಲಿ. ಆಮೇಲೂ ಸ್ವಂತ ಹಣ ಮಿಕ್ಕಿದ್ದರೆ, ಖಾತೆ, ಋಣಭಾರ ಪತ್ರಗಳನ್ನು ವಕೀಲರಿಗೆ ತೋರಿಸಿ ಮನೆ ಕೊಳ್ಳಬಹುದು. ಬಾಡಿಗೆ ಕರಾರು ಬರವಣಿಗೆಯಲ್ಲಿರಲಿ. ಒಂದು ವರ್ಷಕ್ಕೆ ಮೀರಿದ ಅವಧಿಯಾದರೆ ನೋಂದಣಿ ಕಡ್ಡಾಯ. ಈ ಕ್ರಮ ತಪ್ಪಿ ಕೊಂಡ ಮನೆಗಿಂತ, ಸಾಲವಿಲ್ಲದ ತೋಟವೇ ಬೆಳೆಗಾರನಿಗೆ ಹೆಚ್ಚಿನ ಆಸ್ತಿ.